ಬಲ ಹೆಗಲ ಜನಿವಾರ

ವಿನಯಾಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಬಾಯಿ. ಆ ಸೋಮವಾರ ಬೆಳಿಗ್ಗೆ ತೀರ್ಥಹಳ್ಳಿಯ ತನ್ನ ಮೆಡಿಕಲ್ ಶಾಪಿನಲ್ಲಿ ಎರಡೂ ಒಟ್ಟಿಗೇ ಬಿಸಿಯಾದವು. ಕೆಮ್ಮಿನ ಔಷಧಿಗೆಂದು ಕೌಂಟರಿನ ಎದುರು ನಿಂತಿದ್ದ ವಾಸಪ್ಪ, ಮೊಬೈಲ್ ನೋಡುತ್ತಿದ್ದ ಈ ಹೆಂಗಸು ಇದ್ದಕ್ಕಿದ್ದಂತೆ "ಥೂ!" ಎಂದದ್ದು ತನಗೇ ಎಂದುಕೊಂಡು ಹಿಂದೆ ಸರಿದ.

"ನಿಮಗಲ್ಲ ಮಾರಾಯ್ರೇ, ನನ್ನ ಹಣೆಬರಕ್ಕೆ" ಎಂದು ಬಾಟಲಿಯನ್ನು ಅವನ ಕೈಗೆ ತುರುಕಿ, ದುಡ್ಡು ಆಮೇಲೆ ಕೊಡಿ ಎಂದು ಶಟರ್ ಎಳೆದೇಬಿಟ್ಟಳು.

ಮೊಬೈಲಿನಲ್ಲಿ ಇದ್ದದ್ದು ಒಂದು ಫೋಟೊ. ತವರಿನವರ ವಾಟ್ಸಾಪ್ ಗುಂಪಿಗೆ ಹಿಂದಿನ ದಿನ ಅವಳ ಸೋದರತ್ತೆ ವರದಾ ಹಾಕಿದ್ದು. ಚೌಕನೆಯ ಕಪ್ಪು ಬಿಳುಪು ಫೋಟೊ. ಸಾಗರದ ಹತ್ತಿರದ ವರದಾಮೂಲದ ಕೊಳ, ನೀರಿನ ಮೇಲೆ ಕಾರ್ತಿಕದ ಮಂಜು, ಸೊಂಟದವರೆಗೆ ನೀರಿನಲ್ಲಿ ನಿಂತು ತಲೆ ತಗ್ಗಿಸಿರುವ ಅಪ್ಪಯ್ಯ, ಗಜಾನನ ಹೆಗಡೆ. ಬರಿಮೈ, ಕೈಯಿಂದ ನೀರು ಬೀಳುತ್ತಿದೆ. ಕೆಳಗೆ ಅತ್ತೆ ಬರೆದಿದ್ದಳು: "ಅಣ್ಣನ ಸಂಧ್ಯಾವಂದನೆ. ರೋಲಿಕಾರ್ಡ್ ಕ್ಯಾಮೆರಾ, ಫಿಲಂ." ಎರಡು ವರ್ಷದಿಂದ ಮಾತಿಲ್ಲದ ಅಪ್ಪಯ್ಯನ ಮುಖ ಕಂಡು ವಿನಯಾಳ ಮನಸ್ಸು ಒಂದು ಗಳಿಗೆ ಮೆತ್ತಗಾದದ್ದೂ ನಿಜ. ಹಾಳಾದ್ದು, ಅಷ್ಟಕ್ಕೇ ನಿಲ್ಲಿಸದೆ ಕೆಳಗಿನ ಮಾತುಗಳನ್ನೂ ಓದಿದಳು.

ದೊಡ್ಡಪ್ಪನ ಮಗ ಪ್ರಜ್ವಲ್ ಕೇಳಿದ್ದ: "ಸಂಧ್ಯಾವಂದನೆಗೆ ಜನಿವಾರ ಬಲ ಹೆಗಲ ಮೇಲೆ ಎಂತಕ್ಕೆ ಅತ್ತೆ?" ಅದಕ್ಕೆ ಇನ್ಯಾರೋ ಉತ್ತರ ಕೊಟ್ಟಿದ್ದರು: "ಗಜಣ್ಣ ಅಂತೂ ಆಡಿದ ಮಾತು ಉಳಿಸಿಕೊಂಡ." ಅದರ ಕೆಳಗೆ ಕೈಮುಗಿದ ಗುರುತುಗಳು ಸಾಲುಸಾಲು.

ಜನಿವಾರದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಕೆಲಸಕ್ಕೆ, ದಿನನಿತ್ಯದ ಕೆಲಸಕ್ಕೆ ಜನಿವಾರ ಎಡ ಹೆಗಲ ಮೇಲೆ. ಅದು ಬಲ ಹೆಗಲಿಗೆ ಬರುವುದು ಸತ್ತವರಿಗೆ ಎಳ್ಳುನೀರು ಬಿಡುವಾಗ. ಅಜ್ಜ ಅಜ್ಜಿಯ ತಿಥಿಗಳು ಮುಗಿದುಹೋಗಿದ್ದವು. ಮಹಾಲಯ ದಾಟಿತ್ತು, ಅಮಾವಾಸ್ಯೆ ದೂರವಿತ್ತು. ಮನೆಯಲ್ಲಿ ಹೊಸದಾಗಿ ಯಾರೂ ಸತ್ತಿರಲಿಲ್ಲ. ಆದರೆ ವಿನಯಾ ಹೊಸನಗರದ ಕಡೆಯ ದೀವರ ಜಾತಿಯ ಹುಡುಗ ಪೂರ್ಣೇಶನನ್ನು ರಿಜಿಸ್ಟರ್ ಮದುವೆಯಾದ ದಿನ, ಅಪ್ಪಯ್ಯ ನಾಲ್ಕು ಜನರ ಎದುರು ನಿಂತು, "ಅದು ಎನ್ನ ಪಾಲಿಗೆ ಸತ್ತಂಗೇ. ಎಳ್ಳುನೀರು ಬಿಡ್ತಿ, ನೋಡ್ತಾ ಇರಿ" ಎಂದಿದ್ದ. ಆ ನಾಲ್ಕು ಜನ ಅಂದಿನಿಂದ ನೋಡುತ್ತಲೇ ಇದ್ದರು ಅಂತ ಕಾಣುತ್ತದೆ. ಈಗ ಕೈ ಮುಗಿದಿದ್ದರು.

ಹೇಳಿದ್ದನ್ನು ಮಾಡಿಯೇ ಬಿಟ್ಟನಲ್ಲ ಮುದುಕ! ವಿನಯಾಳ ಮೈಯೆಲ್ಲ ಉರಿದುಹೋಯಿತು. ಈ ಆಷಾಢದಲ್ಲಿ ಏಳು ತಿಂಗಳಿಗೇ ಮಗು ಹೊಟ್ಟೆಯಲ್ಲೇ ಹೋಗಿ, ಆಸ್ಪತ್ರೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ತವರಿನಿಂದ ಬಂದವಳು ವರದತ್ತೆ ಒಬ್ಬಳೇ. ಹೆತ್ತ ಆಯಿ ಫೋನಿನಲ್ಲಿ ಅತ್ತಳು. ಅಪ್ಪಯ್ಯ ಅದನ್ನೂ ಮಾಡಲಿಲ್ಲ. ಅವತ್ತೇ ಅಪ್ಪಯ್ಯನ ಆಸೆ ಬಿಟ್ಟೆ ಎಂದು ಅವಳು ಪೂರ್ಣೇಶನಿಗೆ ಹೇಳಿದ್ದಳು. ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಒಂದು ಫೋಟೊಕ್ಕೆ ಇಷ್ಟು ಉರಿಯುತ್ತಿತ್ತೇ?

ಸಾಗರದ ಬಸ್ಸು ಹತ್ತಿ ಕುಳಿತ ಮೇಲೆ ಪೂರ್ಣೇಶನ ಫೋನು ಬಂತು. ಅವನು ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು.

"ಶಾಪ್ ಬಾಗ್ಲು ಹಾಕಿದ್ಯಂತೆ? ಎಲ್ಲಿದ್ದೀಯ?"

"ಸಾಗರದ ಬಸ್ಸಲ್ಲಿ. ನಾನು ಸತ್ತಿದ್ದೀನೋ ಬದುಕಿದ್ದೀನೋ ಕೇಳ್ಕಂಡು ಬರ್ತೀನಿ."

ಅವನು ವಿಷಯವನ್ನೆಲ್ಲ ಅವಳ ಬಾಯಿಂದ ಕೇಳಿದ. ಆಮೇಲೆ, "ಒಬ್ಳೇ ಹೋಗಿ ಜಗಳ ಮಾಡ್ಬೇಡ ಮಾರಾಯ್ತಿ. ಸಂಜೆ ನಾನೂ ಬರ್ತೀನಿ, ಇಬ್ರೂ ಹೋಗನ" ಅಂದ.

"ನೀನು ಬಂದ್ರೆ ಸಮಾಧಾನ ಮಾಡಿಸ್ತೀಯ. ನಂಗೆ ಸಮಾಧಾನ ಬೇಡ" ಎಂದು ಫೋನು ಇಟ್ಟಳು.

ಹೊಸನಗರ ದಾಟುವವರೆಗೆ ಅಪ್ಪಯ್ಯನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು. ಆಮೇಲೆ ಬೈಗುಳ ಅತ್ತೆಯ ಕಡೆ ತಿರುಗಿತು, ಅಲ್ಲಿ ಇನ್ನೂ ಹೆಚ್ಚು ನೋವಾಯಿತು. ಅಪ್ಪಯ್ಯನ ಹಟ ಊರಿಗೇ ಗೊತ್ತಿದ್ದದ್ದು. ಅತ್ತೆ ಹಾಗಲ್ಲ. ವಿನಯಾಗೆ ಕ್ಯಾಮೆರಾದ ಹುಚ್ಚು ಹಿಡಿಸಿದವಳೇ ಅವಳು.

ವರದಾ ಸಾಗರದ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತಳಾದವಳು, ಮದುವೆಯ ಗೊಡವೆಗೇ ಹೋಗದವಳು. ಒಂದು ಸ್ಟುಡಿಯೋ ಮುಚ್ಚುವಾಗ ಮೂಲೆಗೆ ಬಿದ್ದಿದ್ದ ಎರಡು ಕಣ್ಣಿನ ರೋಲಿಕಾರ್ಡನ್ನು ಎತ್ತಿಕೊಂಡು ಬಂದಿದ್ದಳು. ಮೇಲಿನ ಕಣ್ಣು ನೋಡಲಿಕ್ಕೆ, ಕೆಳಗಿನ ಕಣ್ಣು ಫೋಟೊ ತೆಗೆಯಲಿಕ್ಕೆ. ಅದನ್ನು ಕಣ್ಣಿಗೆ ಹಿಡಿಯುವುದಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಮುಚ್ಚಳ ತೆರೆದು ಒಳಗಿನ ಗಾಜನ್ನು ನೋಡಬೇಕು. ಇಕ್ಕೇರಿ ದೇವಸ್ಥಾನದ ಅಂಗಳದಲ್ಲಿ ಮೊದಲ ಸಲ ಆ ಗಾಜಿನೊಳಗೆ ನೋಡಿದಾಗ ವಿನಯಾ ಕಿರುಚಿದ್ದಳು. ಕಲ್ಲಿನ ನಂದಿ ಅಂಗೈಯಗಲದ ಬೆಳಕಿನಲ್ಲಿ ಉಸಿರಾಡುವ ಹಾಗೆ ಕುಳಿತಿತ್ತು. ಅದನ್ನು ಮಧ್ಯಕ್ಕೆ ತರಲು ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದರೆ ನಂದಿ ಇನ್ನೂ ದೂರ ಓಡಿತು. ಆ ಗಾಜಿನಲ್ಲಿ ಕನ್ನಡಿಯ ಹಾಗೆ ಎಡ ಬಲ ಅದಲು ಬದಲು. "ತಲೆ ಹೇಳಿದ್ದು ಕೇಳಡ, ಕೈ ಹೇಳಿದ್ದು ಕೇಳು" ಎಂದು ಅತ್ತೆ ನಕ್ಕಿದ್ದಳು.

ಒಂದು ರೋಲಿಗೆ ಹನ್ನೆರಡೇ ಫೋಟೊ. ಹಾಗಾಗಿ ಒಂದು ಫೋಟೊಕ್ಕೆ ಅರ್ಧ ಗಂಟೆ ಕಾದದ್ದೂ ಉಂಟು. ಅತ್ತೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಫಿಲಂ ರೋಲುಗಳು ಇರುತ್ತಿದ್ದವು. ಬಚ್ಚಲುಮನೆಯ ಕಿಟಕಿಗೆ ಕಪ್ಪು ಕಂಬಳಿ ಕಟ್ಟಿ ಇಬ್ಬರೂ ರೋಲು ತೊಳೆಯುತ್ತಿದ್ದರು. ಒದ್ದೆ ಫಿಲಮ್ಮನ್ನು ಬೆಳಕಿಗೆ ಹಿಡಿದಾಗ ಆಗುತ್ತಿದ್ದ ಖುಷಿಗೆ ವಿನಯಾಗೆ ಇವತ್ತಿಗೂ ಹೆಸರು ಗೊತ್ತಿಲ್ಲ. ನಿವೃತ್ತಿಯಾದ ವರ್ಷ ಅತ್ತೆ ಇನ್ನೊಂದು ಹಳೇ ಕ್ಯಾಮೆರಾ, ಹ್ಯಾಸೆಲ್‌ಬ್ಲಾಡನ್ನೂ ತರಿಸಿ, ಅದರ ಬೆನ್ನಿಗೆ ಫಿಲಮ್ಮಿನ ಬದಲು ಡಿಜಿಟಲ್ ಬ್ಯಾಕ್ ಹಾಕಿಸಿದಳು. ರೋಲಿಕಾರ್ಡಿನ ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಆ ಹ್ಯಾಸೆಲ್‌ಬ್ಲಾಡಿನಿಂದ ಫೋಟೊ ಹೊಡೆದು ಕಂಪ್ಯೂಟರಿಗೆ ಹಾಕುವುದು. ಒಂದು ಮುದಿ ಕ್ಯಾಮೆರಾ ಕಂಡದ್ದನ್ನು ಇನ್ನೊಂದು ಮುದಿ ಕ್ಯಾಮೆರಾ ನೋಡಿ ಹೇಳುತ್ತದೆ ಎಂದು ಅತ್ತೆ ಬೀಗುತ್ತಿದ್ದಳು.

ಅಂಥ ಅತ್ತೆ! ಸಾಗರದಲ್ಲಿ ಬಸ್ಸಿಳಿದು ಆಟೋ ಹಿಡಿಯುವ ತಾಳ್ಮೆಯೂ ಇಲ್ಲದೆ ವಿನಯಾ ನಡೆದೇ ಹೋದಳು.

ಬಾಗಿಲು ತೆರೆದೇ ಇತ್ತು. ವರದಾ ಜಗಲಿಯಲ್ಲಿ ಲೆನ್ಸ್ ಒರೆಸುತ್ತಾ ಕುಳಿತಿದ್ದಳು. ಇವಳನ್ನು ಕಂಡು ಮುಖದ ಬಣ್ಣ ಹೋದರೂ, "ಬಾ ಕೂಸೇ, ಆಸರಿಗೆ ಕುಡಿಯಲೆ ಎಂತ ಬೇಕು?" ಎಂದಳು.

"ಆಸರಿ ಅಲ್ಲೇ ಇರ್ಲಿ. ಅಪ್ಪಯ್ಯ ಕೊಳದಲ್ಲಿ ನಿಂತು ಎಂಗೆ, ಬದುಕಿದ್ದ ಮಗಳಿಗೆ, ಎಳ್ಳುನೀರು ಬಿಡ್ತಾ ಇದ್ದ. ನೀನು ದಡದ ಮೇಲೆ ನಿಂತು ಫೋಟೊ ತೆಗೀತಾ ಇದ್ದೆ! ಮನೆಗೆ ಬೆಂಕಿ ಬಿದ್ರೂ ನಿಂಗೆ ಬೆಳಕು ಚೊಲೋ ಇದ್ದು ಹೇಳೇ ಕಾಣ್ತು, ಅಲ್ದಾ? ತೆಗೆದದ್ದು ಸಾಲದು ಹೇಳಿ ಗುಂಪಿಗೆ ಬೇರೆ ಹಾಕ್ದೆ. ಊರವ್ವೆಲ್ಲ ಕೈ ಮುಗಿದಾಯ್ತು. ಆಸ್ಪತ್ರೆಲಿ ಎನ್ನ ತಲೆ ಸವರಿದ ಕೈ ಅಲ್ದನೇ ಇದು?"

ಪಕ್ಕದ ಮನೆಯವರು ಅಂಗಳಕ್ಕೆ ಬಂದು ನಿಂತರು. ನಿಲ್ಲಲಿ, ಕೇಳಲಿ ಎಂದು ವಿನಯಾ ಇನ್ನೂ ಏರು ದನಿಯಲ್ಲಿ ಶುರುಮಾಡಿದಳು. ವರದಾ ಎದ್ದು ಬಂದು ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಕೂಗಡ, ಕೇಳು. ಎಲ್ಲ ಎನ್ನದೇ ತಪ್ಪು. ಅಣ್ಣ ಸೂರ್ಯಂಗೆ ಅರ್ಘ್ಯ ಕೊಡ್ತಾ ಇದ್ದಿದ್ದ, ಅಷ್ಟೇ. ಆನು ನೆಗೆಟಿವ್ ಉಲ್ಟಾ ಮಗುಚಿ ಇಟ್ಟಿದ್ದಿ. ಎಡ ಹೋಗಿ ಬಲ ಆಜು."

"ನೀನಾ? ಇಷ್ಟು ವರ್ಷದಿಂದ ಮಾಡ್ತಾ ಇದ್ದವಳು?"

"ಇಷ್ಟು ವರ್ಷದಿಂದ ಮಾಡ್ತಾ ಇದ್ದಿದ್ದಕ್ಕೇ ಹಾಂಗಾಗದು." ವರದಾ ಮೇಜಿನ ಮೇಲಿದ್ದ ರೋಲಿಕಾರ್ಡನ್ನು ಅವಳ ಕೈಗೆ ಕೊಟ್ಟು ಮುಚ್ಚಳ ತೆರೆದಳು. "ಗಾಜಲ್ಲಿ ಉಲ್ಟಾ ನೋಡಿ ನೋಡಿ ಎನ್ನ ಕಣ್ಣಿಗೆ ಅದೇ ನೆಟ್ಟಗೆ. ಕಂಪ್ಯೂಟರಲ್ಲಿ ಉಲ್ಟಾ ಬಂದ್ರೆ, ಹೌದು, ಅವತ್ತು ಕಂಡದ್ದು ಹಿಂಗೇ ಹೇಳಿ ಮನಸ್ಸು ಒಪ್ಕಳ್ತು. ನೋಡು ಬೇಕಾದ್ರೆ."

ಸಿಟ್ಟಿನಲ್ಲೂ ಕೈ ಸುಮ್ಮನಿರಲಿಲ್ಲ. ಆ ಭಾರ ಅಂಗೈಗೆ ತಾಗಿದ್ದೇ ವಿನಯಾಳ ತಲೆ ತಾನಾಗಿ ಬಗ್ಗಿತು. ಗಾಜಿನಲ್ಲಿ ಕೋಣೆ ಬೆಳಗಿತು. ಗೋಡೆ, ಕ್ಯಾಲೆಂಡರು, ಅಡುಗೆಮನೆಯ ಬಾಗಿಲು. ಆ ಬಾಗಿಲಿನಿಂದ ಯಾರೋ ಹೊರಬಂದು ನಿಂತರು. ಪಂಚೆ ಉಟ್ಟ, ಬರಿಮೈಯ, ಸಣಕಲು ಮುದುಕ. ಜನಿವಾರ ಬಲ ಹೆಗಲ ಮೇಲೆ.

ತಲೆ ಎತ್ತಿದಳು. ಅಪ್ಪಯ್ಯ ನಿಂತಿದ್ದ. ಜನಿವಾರ ಎಡ ಹೆಗಲ ಮೇಲಿತ್ತು.

ಎರಡು ವರ್ಷದಲ್ಲಿ ಇಷ್ಟು ಸೊರಗಿದ್ದನೇ! ವಿನಯಾ ಕ್ಯಾಮೆರಾದ ಮುಚ್ಚಳ ಮುಚ್ಚಿ ಮೇಜಿನ ಮೇಲಿಟ್ಟಳು.

"ಯಾವಾಗ ಬಂದೆ?" ಎಂದ, ನಿನ್ನೆ ಹೋಗಿ ಇವತ್ತು ಬಂದವಳನ್ನು ಕೇಳುವ ಹಾಗೆ.

"ಅತ್ತೆ ಹೇಳಿದ್ದು ಹೌದಾ ಅಪ್ಪಯ್ಯ?"

"ಕೇಳಿದ್ಯಲ ಅವಳು ಹೇಳಿದ್ದು. ಊಟ ಆಜಾ?"

ಊಟ ಆಗಿರಲಿಲ್ಲ. ಮೂವರೂ ಕುಳಿತರು. ತಂಬುಳಿ ಬಡಿಸುವಾಗ ಅತ್ತೆ ಅರ್ಧ ಎಲೆಯ ಹೊರಗೇ ಚೆಲ್ಲಿದಳು, ತನ್ನ ಕೂಗಾಟದಿಂದ ಹೀಗಾಯಿತೆಂದು ವಿನಯಾಗೆ ಪಾಪ ಅನ್ನಿಸಿತು. ಅಪ್ಪಯ್ಯ ತಲೆ ಎತ್ತದೆ ಉಂಡ. ಆದರೂ ಒಂದೇ ಸಾಲಿನಲ್ಲಿ ಕುಳಿತು ಉಂಡದ್ದು ಹೌದಲ್ಲ! ಎಳ್ಳುನೀರು ಬಿಟ್ಟವರ ಜೊತೆ ಯಾರಾದರೂ ಕುಳಿತು ಉಣ್ಣುತ್ತಾರೆಯೇ? ವಿನಯಾ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಕೈ ತೊಳೆದ ಮೇಲೆ ಮತ್ತೆ ಸಿಟ್ಟು ಬಂತು, ಈ ಸಲ ಆ ಕೈಮುಗಿದವರ ಮೇಲೆ. ಏನು ಧೈರ್ಯ ಆ ಪ್ರಜ್ವಲನಿಗೆ! ಏನು ಕೊಬ್ಬು ಆ ಗುಂಪಿನವರಿಗೆ! "ಅತ್ತೆ, ನೆಗೆಟಿವ್ ಕೊಡು. ಈಗಲೇ ನೆಟ್ಟಗೆ ತೆಗೆದು ಗುಂಪಿಗೆ ಹಾಕ್ತಿ. ಅವ್ಕೆಲ್ಲ ಮುಖ ಮುಚ್ಚಿಕೊಂಡು ಓಡಾಡೋ ಹಾಂಗೆ ಬರೀತಿ."

"ಈಗ ಎಂತಕ್ಕೆ? ಆನು ನಾಳೆ ಮಾಡ್ತಿ" ಎಂದಳು ವರದಾ.

"ನಾಳೆವರೆಗೆ ಎಂಗೆ ನಿದ್ದೆ ಬತ್ತಿಲ್ಲೆ."

"ಎಲ್ಲಿಟ್ಟಿದ್ದಿ ಹೇಳಿ ನೆನಪಿಲ್ಲೆ."

ನೆಗೆಟಿವ್ ಎಲ್ಲಿದೆ ಎಂದು ನೆನಪಿಲ್ಲ! ಅದನ್ನು ಹೇಳುವವಳು ಬೇರೆ ಯಾರಾದರೂ ಆಗಿದ್ದರೆ ನಂಬಬಹುದಿತ್ತು. ವಿನಯಾ ನಗುತ್ತಲೇ ಕಿಟಕಿಯ ಹತ್ತಿರದ ಮೇಜಿಗೆ ಹೋದಳು. ಬೆಳಕಿನ ಪೆಟ್ಟಿಗೆಯ ಮೇಲೆ ಹ್ಯಾಸೆಲ್‌ಬ್ಲಾಡ್ ಇನ್ನೂ ತಲೆ ಕೆಳಗಾಗಿ ನಿಂತಿತ್ತು, ಅದರ ಕೆಳಗೇ ಫಿಲಮ್ಮಿನ ತುಂಡು ಇತ್ತು. "ಇಲ್ಲೇ ಇದ್ದಲೇ ಮಾರಾಯ್ತಿ" ಎಂದು ಸ್ವಿಚ್ ಹಾಕಿ, ಭೂತಗಾಜು ಹಿಡಿದು ಬಗ್ಗಿದಳು. ಹಿಂದಿನಿಂದ ಅತ್ತೆ "ಬ್ಯಾಡ ಕೂಸೇ" ಎಂದದ್ದು ಕೇಳಿಸಿತು. ಆಗಲೇ ತಡವಾಗಿತ್ತು.

ಫಿಲಮ್ಮಿನ ಅಂಚಿನಲ್ಲಿ ಕಂಪನಿಯ ಹೆಸರು, ನಂಬರು ಅಚ್ಚಾಗಿರುತ್ತದೆ. ಅದು ಓದಲು ನೆಟ್ಟಗೆ ಬಂದರೆ ಚಿತ್ರವೂ ನೆಟ್ಟಗಿದೆ ಎಂದರ್ಥ. ಅಕ್ಷರ ತಿರುಗಾಮುರುಗಾ ಕಂಡರೆ ಚಿತ್ರವೂ ತಿರುಗಾಮುರುಗಾ. ಇದನ್ನು ಅವಳಿಗೆ ಕಲಿಸಿದವಳು ಅತ್ತೆಯೇ. ವಿನಯಾ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ನೆಟ್ಟಗಿದ್ದವು. ಅವುಗಳ ಪಕ್ಕದಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಅಪ್ಪಯ್ಯ ನಿಂತಿದ್ದ. ಕಪ್ಪು ಗೆರೆಯ ಜನಿವಾರ ಬಲ ಹೆಗಲ ಮೇಲೇ ಇತ್ತು. ಫಿಲಮ್ಮನ್ನು ಮಗುಚಿ ನೋಡಿದಳು. ಜನಿವಾರ ಎಡಕ್ಕೆ ಬಂತು, ಅಕ್ಷರಗಳು ಉಲ್ಟಾ ಆದವು. ಮತ್ತೆ ಮಗುಚಿದಳು. ಎಷ್ಟು ಮಗುಚಿದರೂ ಎರಡೂ ಒಟ್ಟಿಗೆ ನೆಟ್ಟಗಾಗಲಿಲ್ಲ.

ಅವಳು ಭೂತಗಾಜನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಗಜಾನನ ಹೆಗಡೆ ಎದ್ದು ನಿಂತ.

"ಸುಳ್ಳು! ಇಬ್ರೂ ಸೇರಿ ಎನ್ನ ಕಣ್ಣಿಗೆ ಮಣ್ಣೆರಚಿದ್ರಿ. ಉಲ್ಟಾನೂ ಇಲ್ಲೆ, ಗಿಲ್ಟಾನೂ ಇಲ್ಲೆ! ನೀನು ನೀರು ಬಿಟ್ಟಿದ್ದು ಹೌದು. ಬಿಟ್ಟಿಕ್ಕೆ ಬಂದು ಎನ್ನ ಪಕ್ಕ ಕೂತು ಹ್ಯಾಂಗೆ ಉಂಡ್ಯೋ ಅಪ್ಪಯ್ಯಾ? ಅನ್ನ ಹ್ಯಾಂಗೆ ಇಳತ್ತು ಗಂಟಲಲ್ಲಿ?"

"ವಿನಯಾ, ಅಣ್ಣನ್ನ ಬೈಯಡ" ಎಂದಳು ವರದಾ. "ಎಂಗೆ ಕ್ಯಾಮೆರಾದಲ್ಲಿ ಸರಿಯಾಗೇ ಕಂಡಿತ್ತು, ಎಡ ಹೆಗಲ ಮೇಲೆ. ಅದಕ್ಕೇ ಸಂಧ್ಯಾವಂದನೆ ಹೇಳಿ ಬರದಿ. ಮಂಜಿನ ಫೋಟೊಕ್ಕೆ ಹೇಳಿ ಆನು ಅಲ್ಲಿಗೆ ಹೋಗಿದ್ದಿ, ದೂರದಿಂದ ಅವ ಕಂಡ. ಮಂಜು ನೋಡಿದಿ, ಬೆಳಕು ನೋಡಿದಿ, ಅವ ಎಂತ ಮಾಡ್ತಾ ಇದ್ದ ಹೇಳಿ ನೋಡಿದ್ನಿಲ್ಲೆ. ಇವತ್ತು ಬೆಳಿಗ್ಗೆ ಪ್ರಜ್ವಲ್ ಕೇಳಿದ ಮೇಲೇ ಎಂಗೂ ಗೊತ್ತಾಗಿದ್ದು. ಅಣ್ಣನ್ನ ಇಲ್ಲಿಗೆ ಕರೆಸಿ ಕೇಳಿದಿ. ಎಲ್ಲ ಹೇಳಿಕ್ಕೆ, ನಿಂಗೆ ಮಾತ್ರ ಹೇಳಡ ಅಂದ."

"ಎನ್ನ ತಿಥಿ ಎಂಗೇ ಗೊತ್ತಾಗಲಾಗ ಹೇಳಿ!"

"ನಿಂದಲ್ಲ" ಎಂದ ಗಜಾನನ ಹೆಗಡೆ.

"ಮತ್ತೆ ಯಾರದ್ದು? ಮನೆಲಿ ಮತ್ಯಾರು ಸತ್ತಿದ್ದ?"

ಅವನು ಕಿಟಕಿಯ ಕಡೆ ನೋಡುತ್ತಾ ಹೇಳಿದ. "ಆಷಾಢದಲ್ಲಿ ಹೋತಲ. ನಿನ್ನ ಹೊಟ್ಟೇಲಿ ಇದ್ದಿದ್ದು. ಅದಕ್ಕೆ."

ವಿನಯಾ ತಿರುಗಿ ಆ ಫಿಲಮ್ಮನ್ನೇ ನೋಡಿದಳು. ಅವನು ಮುಂದುವರಿಸಿದ.

"ಭಟ್ಟರ ಹತ್ರ ಕೇಳಿದಿ. ಉಸಿರೇ ಆಡದ್ದಕ್ಕೆ ಎಂತ ಕ್ರಿಯೆಯೂ ಇಲ್ಲೆ ಅಂದ. ಅದೂ ಮನೆ ಬಿಟ್ಟು ಹೋದ ಮಗಳ ಕಡೇದು, ಅದೂ ಆ ಜಾತಿದು, ನಿಂಗೆ ಸಂಬಂಧವೇ ಇಲ್ಲೆ ಅಂದ. ಮೂರು ತಿಂಗಳು ಸುಮ್ಮನಿದ್ದಿ. ಆಮೇಲೆ ಸಂಬಂಧ ಇಲ್ಲದಿದ್ರೆ ಎಂಗೆ ನಿದ್ದೆ ಎಂತಕ್ಕೆ ಬತ್ತಿಲ್ಲೆ ಹೇಳಿ ಅನ್ನಿಸ್ತು. ಶಾಸ್ತ್ರ ಹಾಳುಬಿದ್ದು ಹೋಗ್ಲಿ ಹೇಳಿ ಎಳ್ಳು ಕಟ್ಟಿಕೊಂಡು ಒಬ್ಬನೇ ಹೋದಿ. ನೀರಿಗೆ ಇಳಿದ ಮೇಲೆ ಗೋತ್ರ ಎಂತ ಹೇಳವು ಗೊತ್ತಾಜಿಲ್ಲೆ. ಎನ್ನ ಗೋತ್ರವೇ ಹೇಳಿದಿ."

ವರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿನಯಾ ಅಳಲಿಲ್ಲ. ಅವಳಿಗೆ ಬಂದದ್ದು ಬೆಳಗಿನಿಂದ ಬಂದದ್ದೆಲ್ಲ ಸೇರಿದರೂ ಸಾಲದಂಥ ಸಿಟ್ಟು. ಮುಂದೆ ಹೋಗಿ ಅಪ್ಪನ ರಟ್ಟೆ ಹಿಡಿದು ಅಲುಗಾಡಿಸಿದಳು.

"ಆಸ್ಪತ್ರೆಗೆ ಬಪ್ಲೂ ಭಟ್ಟರನ್ನ ಕೇಳಕಾಗಿತ್ತಾ? ಸತ್ತದ್ದಕ್ಕೆ ನೀರು ಬಿಡ್ಲೆ ಕೊಳಕ್ಕೆ ಇಳಿದೆ. ಬದುಕಿದ್ದ ಆನು ಮಲಗಿದ್ದಲ್ಲಿಗೆ ಬಪ್ಲೆ ಆಜಿಲ್ಯ ನಿಂಗೆ? ಬಾಗಿಲು ಸದ್ದಾದಾಗೆಲ್ಲ ನೀನು ಹೇಳಿ ತಿರುಗಿ ನೋಡಿದಿ! ಪ್ರತಿಸಲ ತಿರುಗಿ ನೋಡಿದಿ! ಯಾರಿಗೆ ಬೇಕು ನಿನ್ನ ಎಳ್ಳು, ಯಾರಿಗೆ ಬೇಕು ನಿನ್ನ ಗೋತ್ರ?"

ಅವನು ರಟ್ಟೆ ಬಿಡಿಸಿಕೊಳ್ಳಲಿಲ್ಲ. ಅಲುಗಾಡಿಸಿದಷ್ಟೂ ಅಲುಗಾಡುತ್ತಾ ನಿಂತಿದ್ದ.

"ತಪ್ಪಾತು" ಎಂದ. ಆ ಮಾತು ಅವನ ಬಾಯಲ್ಲಿ ಬಂದದ್ದನ್ನು ಅವನ ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಮಂತ್ರವೂ ಅರ್ಧಕ್ಕೇ ನಿಂತೋತು. ಹೆಸರು ಹೇಳವು, ಹೆಸರಿಲ್ಲೆ. ಗಂಡಾ ಹೆಣ್ಣಾ ಹೇಳದೂ ಎಂಗೆ ಗೊತ್ತಿಲ್ಲೆ."

"ಹೆಣ್ಣು!" ವಿನಯಾ ಕಿರುಚಿದಳು. "ಹೆಣ್ಣು ಅಪ್ಪಯ್ಯಾ! ತಲೆ ತುಂಬ ಕೂದಲಿತ್ತು. ಬಂದಿದ್ರೆ ನೀನೇ ನೋಡ್ತಿದ್ದೆ!"

ಗಜಾನನ ಹೆಗಡೆ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಇಷ್ಟು ತಿಂಗಳಲ್ಲಿ ಡಾಕ್ಟರು ಕೇಳಿರಲಿಲ್ಲ, ನೆಂಟರು ಕೇಳಿರಲಿಲ್ಲ, ಹೆದರಿ ಪೂರ್ಣೇಶನೂ ಮಾತೆತ್ತಿರಲಿಲ್ಲ. ಅದನ್ನು ಅಪ್ಪಯ್ಯ ಕೇಳಿದ:

"ಯಾರ ಹಾಂಗೆ ಇತ್ತು?"

"ನಿನ್ನ ಹಾಂಗೆ!" ಅವಳು ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. "ಸುಡುಗಾಡು, ನಿನ್ನ ಹಾಂಗೇ ಇತ್ತು!"